ದೂತನ ಹಾಡಿಗೆ ಬಿದ್ದ ಕತ್ತರಿ

ನಲವತ್ತೆರಡು ಹಾಡುಗಳಲ್ಲಿ ಒಂಬತ್ತನ್ನು ಮಾತ್ರ ಉಳಿಸಬೇಕು ಎಂದವರು ನಿರ್ದೇಶಕರು. ಯಾವ ಒಂಬತ್ತು ಎಂದು ಆರಿಸಿದವಳು ನಾನು. ಈ ಎರಡನೆಯ ಮಾತನ್ನು ಬಹಳ ದಿನ ಯಾರ ಮುಂದೆಯೂ ಹೇಳಲಿಲ್ಲ.

ನಮ್ಮದು ಭದ್ರಾವತಿಯ ಹವ್ಯಾಸಿ ನಾಟಕ ತಂಡ. ಉಕ್ಕಿನ ಕಾರ್ಖಾನೆಯಿಂದ ನಿವೃತ್ತರಾದವರು, ಮಾಚೇನಹಳ್ಳಿಯ ವರ್ಕ್‌ಶಾಪುಗಳಲ್ಲಿ ಇನ್ನೂ ದುಡಿಯುವವರು, ರಾಜನ ಪಾತ್ರಕ್ಕೆ ಒಬ್ಬ ಬೇಕರಿಯವರು, ಹಾರ್ಮೋನಿಯಂ ಮುಂದೆ ನಾನು. ಶಾಲೆಯಲ್ಲಿ ಸಂಗೀತದ ಟೀಚರಾಗಿದ್ದವಳು. ಹಾರ್ಮೋನಿಯಂ ಅಪ್ಪನದು, ಕಾಲಿನಲ್ಲಿ ತುಳಿದು ನುಡಿಸುವಂಥದ್ದು. ಅಪ್ಪ ಹಿಂದೆ ನಾಟಕ ಕಂಪನಿಯಲ್ಲಿ ಪೇಟಿ ಮಾಸ್ತರರಾಗಿದ್ದರು. ಕಂಪನಿ ಮುಚ್ಚಿದ ಮೇಲೆ ಈ ತಂಡಕ್ಕೆ ಕಲಿಸಿದರು, ಅವರು ಹೋದ ಮೇಲೆ ತುಳಿಯುವ ಕೆಲಸ ನನ್ನ ಪಾಲಿಗೆ ಬಂತು. ಈಗ ಮೊಣಕಾಲು ದಿನಕ್ಕೆರಡು ಸಲ ಅದನ್ನು ನೆನಪು ಮಾಡಿಕೊಡುತ್ತದೆ.

ನಾವು ಆಡುವುದು ಒಂದೇ ಪೌರಾಣಿಕ ನಾಟಕ. ಪೂರ್ತಿ ಆಡಿದರೆ ಬೆಳಗಾಗುತ್ತದೆ. ರಾಜನಿಗೆ ಸಿಟ್ಟು ಬಂದರೆ ಹಾಡು, ಸಿಟ್ಟು ಇಳಿದರೆ ಹಾಡು, ರಾಣಿ ಒಂದು ಹೂವು ಕಿತ್ತರೆ ಅದಕ್ಕೊಂದು ಹಾಡು. ನಿಜ ಹೇಳುತ್ತೇನೆ, ನನಗೇ ಸಾಕಾಗಿಹೋಗಿತ್ತು. ಶಿವಮೊಗ್ಗದಲ್ಲಿ ನಾಟಕ ಸ್ಪರ್ಧೆಯಿದೆ, ಒಂದೂವರೆ ಗಂಟೆಗಿಂತ ಒಂದು ನಿಮಿಷ ಹೆಚ್ಚಾದರೂ ಅಂಕ ಹೋಗುತ್ತದೆ ಎಂದಾಗ ಉಳಿದವರೆಲ್ಲ ಅಯ್ಯೋ ಎಂದರು. ನಾನು ಒಳಗೊಳಗೇ ಸದ್ಯ, ಪೀಡೆ ಕಳೆಯಿತು ಎಂದುಕೊಂಡೆ.

ನಿರ್ದೇಶಕರು ಕಿರಿಯರು, ರಂಗಶಿಕ್ಷಣ ಪಡೆದವರು, ಶಿವಮೊಗ್ಗದ ರಾಗಿಗುಡ್ಡದ ಕಡೆಯಿಂದ ಬೈಕಿನಲ್ಲಿ ಬರುತ್ತಿದ್ದರು. ಬಾಯಿ ಮಾಡುವ ಪೈಕಿಯಲ್ಲ. "ಹಾಡಿನ ವಿಷಯ ನಂಗೆ ಅಷ್ಟು ಗೊತ್ತಾಗಲ್ಲ ಮೇಡಂ, ನೀವೇ ಆರಿಸಿಬಿಡಿ" ಎಂದರು. ಆ ರಾತ್ರಿಯೇ ಅಪ್ಪನ ಹಾಡಿನ ಪುಸ್ತಕ ತೆಗೆದು ಗೀಟು ಎಳೆಯುತ್ತ ಹೋದೆ. ಮೂವತ್ತಮೂರು ಹಾಡು ಹೊಡೆದುಹಾಕಲು ಒಂದು ಲೋಟ ಕಾಫಿ ಮುಗಿಯುವಷ್ಟು ಹೊತ್ತೂ ಹಿಡಿಯಲಿಲ್ಲ. ಅದರಲ್ಲಿ ದೂತನ ಹಾಡೂ ಹೋಯಿತು.

ದೂತನ ಪಾತ್ರ ಮಾಡುತ್ತಿದ್ದವರು ಕಾರ್ಖಾನೆಯಲ್ಲಿ ಕುಲುಮೆಯ ಮುಂದೆ ದುಡಿದು ನಿವೃತ್ತರಾದವರು. ಮನೆಯಲ್ಲಿ ತಮಿಳು, ರಂಗದ ಮೇಲೆ ನಮ್ಮೆಲ್ಲರಿಗಿಂತ ಅಚ್ಚುಕಟ್ಟಾದ ಕನ್ನಡ. ಅಪ್ಪನ ಕಾಲದಿಂದ ಇಂದಿನವರೆಗೆ ಅವರಿಗೆ ಆ ಒಂದೇ ಪಾತ್ರ, ಆ ಒಂದೇ ಹಾಡು. ರಣರಂಗದಿಂದ ಓಡಿಬಂದ ದೂತ ರಾಜನಿಗೆ ಮಗ ಸತ್ತ ಸುದ್ದಿ ತಿಳಿಸಬೇಕು. ಹೇಳಲಾರ. ಕುದುರೆ ಬಂತು ಎನ್ನುತ್ತಾನೆ, ಬಾವುಟ ಬಂತು ಎನ್ನುತ್ತಾನೆ, ಬಾರದವನ ಹೆಸರೊಂದನ್ನು ಬಿಟ್ಟು ಬಂದದ್ದನ್ನೆಲ್ಲ ಹಾಡುತ್ತಾನೆ. ಕಾರ್ಖಾನೆಯ ಜನ ಪ್ರತಿ ಸಲವೂ "ಒನ್ಸ್ ಮೋರ್" ಎಂದು ಕೂಗುತ್ತಿದ್ದರು. ನಮ್ಮ ಕಡೆ ಹಾಗೆ ಕೂಗಿದರೆ ಸತ್ತು ಬಿದ್ದವನೂ ಎದ್ದು ಇನ್ನೊಮ್ಮೆ ಹಾಡಿ, ಮತ್ತೆ ಮಲಗಿ ಸಾಯಬೇಕು. ಅದು ಪದ್ಧತಿ.

ಆದರೆ ಈಚೆಗೆ ಅವರ ಸ್ವರ ಇಳಿದಿತ್ತು. ಮೇಲಿನ ಸ್ಥಾಯಿಗೆ ಹೋದರೆ ಒಡೆಯುತ್ತಿತ್ತು. ತೀರ್ಪುಗಾರರ ಮುಂದೆ ಒಡೆದರೆ ನಗೆಪಾಟಲು. ಅದಕ್ಕೇ ತೆಗೆದೆ. ಎಂಟು ನಿಮಿಷದ ಹಾಡಿನ ಜಾಗಕ್ಕೆ ನಿರ್ದೇಶಕರು ಒಂದು ವಾಕ್ಯ ಬರೆದರು: "ಪ್ರಭು, ರಾಜಕುಮಾರರು ಮಡಿದರು."

ಹೊಸ ಪ್ರತಿ ಕೈಗೆ ಬಂದ ಮರುದಿನ ಬೆಳಿಗ್ಗೆ ದೂತನ ಪಾತ್ರದವರು ನನ್ನ ಮನೆಗೆ ಬಂದರು. ಎಂದಿನಂತೆ ತಮ್ಮ ಹಿತ್ತಲಿನ ನುಗ್ಗೆಕಾಯಿ ಒಂದು ಕಟ್ಟು ತಂದಿದ್ದರು. ಜಗಲಿಯ ಮೇಲೆ ಕೂತು ಕನ್ನಡಕ ಹಾಕಿಕೊಂಡು ಪುಟ ತಿರುವಿದರು.

"ನನ್ನ ಹಾಡು ಯಾವ ಪುಟದಲ್ಲಿದೆ ಟೀಚರಮ್ಮಾ? ಹುಡುಕಿ ಹುಡುಕಿ ಸಾಕಾಯ್ತು."

ನುಗ್ಗೆಕಾಯಿಯ ಕಟ್ಟು ಕೈಗೆತ್ತಿಕೊಂಡೆ. ಆಮೇಲೆ ಹೇಳಿದೆ: "ನಿರ್ದೇಶಕರು ತೆಗೆದಿದಾರೆ. ಟೈಮಿಲ್ಲವಂತೆ. ಸಾವಿನ ಸುದ್ದೀನ ಯಾರಾದ್ರೂ ಎಂಟು ನಿಮಿಷ ಹಾಡ್ತಾರಾ ಅಂದ್ರು."

ನಿರ್ದೇಶಕರು ಹಾಗೆ ಅಂದಿರಲೇ ಇಲ್ಲ. ಎಷ್ಟು ಸಲೀಸಾಗಿ ಬಂತು ಬಾಯಿಗೆ! ಈಗಲೂ ನೆನೆದರೆ ಮೈಯೆಲ್ಲ ಹಿಡಿಯಾಗುತ್ತದೆ.

"ಹೆತ್ತ ಅಪ್ಪ ಎದುರಿಗೆ ನಿಂತಿರೋವಾಗ ಒಂದೇ ಸಲಕ್ಕೆ ಹೇಳೋಕಾಗುತ್ತಾ?" ಎಂದರು ಅವರು. ಜಗಳದ ಧ್ವನಿಯಲ್ಲ, ನಿಜವಾಗಿಯೂ ಕೇಳಿದರು. ನುಗ್ಗೆಕಾಯಿ ಒಳಗಿಟ್ಟು ಕಾಫಿ ತಂದುಕೊಟ್ಟೆ. ಕುಡಿದು ಹೋದರು.

ಸ್ಪರ್ಧೆ ಒಂದು ಭಾನುವಾರ ಮಧ್ಯಾಹ್ನ. ನಾಟಕ ಚೆನ್ನಾಗಿಯೇ ನಡೆಯಿತು, ಅದನ್ನೂ ಹೇಳಬೇಕು. ಹಳೆಯ ಕೊಬ್ಬು ಕರಗಿ ಕಥೆ ಎದ್ದು ಕಾಣುತ್ತಿತ್ತು. ಭದ್ರಾವತಿಯಿಂದ ದೂತನ ಪಾತ್ರದವರ ಕಾರ್ಖಾನೆಯ ಹಳೆಯ ಜೊತೆಗಾರರು ಇಪ್ಪತ್ತು ಜನ ಬಂದು ಹಿಂದಿನ ಸಾಲುಗಳಲ್ಲಿ ಕೂತಿದ್ದರು. ಹಾಡು ಹೋಗಿದೆಯೆಂದು ಅವರಿಗೆ ಯಾರೂ ಹೇಳಿರಲಿಲ್ಲ.

ದೂತ ಓಡಿಬಂದ. ಮಂಡಿಯೂರಿದ. "ಪ್ರಭು, ರಾಜಕುಮಾರರು ಮಡಿದರು" ಎಂದ. ಎದ್ದು ಹೊರಟ.

ಹಿಂದಿನ ಸಾಲಿನಿಂದ ಒಬ್ಬರು ಕೂಗಿದರು: "ಒನ್ಸ್ ಮೋರ್!"

ಒಂದು ಸಲವೂ ಹಾಡದ ಹಾಡಿಗೆ ಒನ್ಸ್ ಮೋರ್. ಮುಂದಿನ ಸಾಲಿನವರು ನಕ್ಕರು. ಹಿಂದಿನವರು ನಗಲಿಲ್ಲ, ಇಪ್ಪತ್ತೂ ಜನ ಸೇರಿ ಕೂಗಿದರು. ದೂತನ ಪಾತ್ರದವರು ರಂಗದ ಅಂಚಿನಲ್ಲಿ ನಿಂತು ನನ್ನ ಕಡೆ ತಿರುಗಿದರು. ಶ್ರುತಿ ಕೊಟ್ಟರೆ ಹಾಡುತ್ತೇನೆ ಎನ್ನುವ ನೋಟ ಅದು. ನನಗೆ ಅದರ ಪರಿಚಯ ಮೂವತ್ತು ವರ್ಷದ್ದು. ಎದುರಿನ ಪರದೆಯ ಮರೆಯಲ್ಲಿ ನಿಂತಿದ್ದ ನಿರ್ದೇಶಕರು ಎರಡೂ ಕೈ ಎತ್ತಿ ನನಗೆ ಸನ್ನೆ ಮಾಡಿದರು: ನುಡಿಸಿ, ಅಂಕ ಹೋದರೆ ಹೋಗಲಿ, ನುಡಿಸಿ.

ನನ್ನ ಕಾಲು ತುಳಿಯುತ್ತಲೇ ಇತ್ತು. ಸ್ವರ ಒಡೆದರೆ ಏನು ಗತಿ ಎಂಬುದೊಂದೇ ತಲೆಯಲ್ಲಿ. ಮುಂದಿನ ದೃಶ್ಯದ ಯುದ್ಧದ ಮಟ್ಟನ್ನು ಜೋರಾಗಿ ನುಡಿಸಿಬಿಟ್ಟೆ. ಅವರು ಸಭೆಗೆ ಕೈಮುಗಿದು ಒಳಗೆ ಹೋದರು.

ಎರಡನೆಯ ಬಹುಮಾನ ಬಂತು. ವಾಪಸು ಬರುವ ಬಸ್ಸಿನಲ್ಲಿ ಎಲ್ಲರದೂ ಗಲಾಟೆಯೋ ಗಲಾಟೆ. ದೂತನ ಪಾತ್ರದವರು ಬಂದು ನನ್ನ ಪಕ್ಕದ ಸೀಟಿನಲ್ಲಿ ಕೂತರು. ಕಿವಿಯ ಹಿಂದೆ ಇನ್ನೂ ಬಣ್ಣ ಉಳಿದಿತ್ತು. ಬಸ್ಸು ಮಾಚೇನಹಳ್ಳಿಗೆ ಬಂದಾಗ ಹೇಳಿದರು:

"ಆ ಯಪ್ಪ ಎರಡು ಕೈನೂ ಎತ್ತಿ ನುಡಿಸಿ ನುಡಿಸಿ ಅಂತಿದ್ರು. ನಾನು ನೋಡ್ದೆ ಟೀಚರಮ್ಮಾ."

ಇನ್ನು ಮುಚ್ಚಿಡುವುದೇನಿದೆ? "ಹಾಡು ತೆಗೆದಿದ್ದು ಅವರಲ್ಲ, ನಾನು" ಎಂದೆ. "ನಿಮ್ಮ ಸ್ವರ ಇಳಿದಿದೆ. ಮೇಲೆ ಹೋದ್ರೆ ಒಡೆಯುತ್ತೆ. ನಾಲ್ಕು ಜನರ ಮುಂದೆ ನಿಮಗೆ ಅವಮಾನ ಆಗಬಾರದು ಅಂತ..."

"ನನ್ನ ಗಂಟಲು ನಂಗೆ ಗೊತ್ತಿರಲ್ವಾ?" ಎಂದರು. "ನೆಗಡಿ ಆಯ್ತು ಅಂತ ಮೂಗೇ ಕೊಯ್ದುಬಿಟ್ರಲ್ಲ. ಮೂರು ಮನೆ ಇಳಿಸಿ ನುಡಿಸಿದ್ರೆ ಆಗ್ತಿತ್ತಲ್ವಾ ಟೀಚರಮ್ಮಾ?"

ಹಾರ್ಮೋನಿಯಂನಲ್ಲಿ ಮೂರು ಮನೆ, ಅಂದರೆ ಮೂರು ಕೀಲಿ. ಕೈಯನ್ನು ಎರಡು ಬೆರಳಿನಷ್ಟು ಎಡಕ್ಕೆ ಸರಿಸಿದರೆ ಆಯಿತು. ಶಾಲೆಯಲ್ಲಿ ಶೀತವಾಗಿ ಗಂಟಲು ಕಟ್ಟಿದ ಒಂದೊಂದು ಮಗುವಿಗೂ ಹಾಗೆ ಇಳಿಸಿ ನುಡಿಸಿದವಳು ನಾನು. ಆದರೆ ಆ ಹಾಡಿನ ಪಕ್ಕದಲ್ಲಿ ಅಪ್ಪ ಕೆಂಪು ಪೆನ್ಸಿಲಿನಲ್ಲಿ ಶ್ರುತಿ ಬರೆದಿಟ್ಟಿದ್ದರು: ಕಪ್ಪು ಎರಡು, ಅಂದರೆ ಎರಡನೆಯ ಕಪ್ಪು ಮನೆ. ಮೂವತ್ತಮೂರು ಹಾಡು ಹೊಡೆದುಹಾಕಿದ ಕೈಗೆ ಆ ಒಂದು ಗುರುತನ್ನು ತಿದ್ದಬಹುದೆಂದು ಹೊಳೆದಿರಲೇ ಇಲ್ಲ.

"ಆಗ್ತಿತ್ತು" ಎಂದೆ.

ಅವರು ತಲೆಯಾಡಿಸಿ ಕಿಟಕಿಯ ಕಡೆ ತಿರುಗಿ ಕೂತರು.