ಮನೆ ಬಿಟ್ಟು ಜಾಗ ಕೊಂಡೆವು

ನಾನು ತಿಕೋಟಾದ ಶಾಲೆಯೊಂದರಲ್ಲಿ ಗಣಿತ ಕಲಿಸುತ್ತೇನೆ. ನನ್ನ ಯಜಮಾನರಿಗೆ ವಿಜಯಪುರದಲ್ಲಿ ಹನಿ ನೀರಾವರಿ ಪೈಪಿನ ಅಂಗಡಿ ಇದೆ. ಹನ್ನೊಂದು ವರ್ಷ ಬಾಡಿಗೆ ಮನೆಗಳಲ್ಲಿ ಕಳೆದ ಮೇಲೆ ನಮ್ಮಲ್ಲಿ ಸ್ವಂತ ಮನೆಯ ಮಾತು ಬಂತು. ಮಾತು ಬಂದ ಮರುದಿನವೇ ಬಬಲೇಶ್ವರದಿಂದ ಯಜಮಾನರ ಸೋದರಮಾವ ಬಂದಿಳಿದರು. ಅವರನ್ನು ಕರೆದವರು ಯಾರೆಂದು ನನಗೆ ಇಂದಿಗೂ ಗೊತ್ತಿಲ್ಲ.

ಮಾವನವರಿಗೆ ಊರಲ್ಲಿ ದ್ರಾಕ್ಷಿ ತೋಟವಿದೆ. ಆರು ಸಲ ಭೂಮಿ ಕೊಂಡವರು, ಒಂದು ಸಲವೂ ಮಾರದವರು. ಹೀಗಾಗಿ ಭೂಮಿಯಲ್ಲಿ ನಷ್ಟ ಎಂಬುದು ಹೇಗಿರುತ್ತದೆಂದು ತಿಳಿಯುವ ಸಂದರ್ಭವೇ ಅವರಿಗೆ ಒದಗಿರಲಿಲ್ಲ.

ಮೊದಲು ನೋಡಿದ್ದು ಇಟ್ಟಂಗಿಹಾಳ ರಸ್ತೆಯ ಹೊಸ ಬಡಾವಣೆಯ ಒಂದು ಹೊಸ ಮನೆ. ತೋರಿಸಲು ಬಂದ ಏಜೆಂಟ ರಿಮೋಟ್ ಒತ್ತಿ ಛಾವಣಿಯ ದೀಪಗಳನ್ನು ನೀಲಿ ಮಾಡಿದ, ಹಸಿರು ಮಾಡಿದ. ನನಗೆ ದೀಪಕ್ಕಿಂತ ಅಡುಗೆಮನೆಯ ಡ್ರಾಯರುಗಳು ಹಿಡಿಸಿದವು. ಎಳೆದರೂ ತಳ್ಳಿದರೂ ಸದ್ದೇ ಇಲ್ಲ. ಏಳೆಂಟು ಸಲ ತೆಗೆದು ಮುಚ್ಚಿ ನೋಡಿದೆ. ಮಾವನವರು ಮಾತ್ರ ಒಳಗೆ ಬರಲಿಲ್ಲ. ಹೊರಗೆ ಕಾಂಪೌಂಡಿನ ಗುಂಟ ಹೆಜ್ಜೆಗೆ ಹೆಜ್ಜೆ ಕೂಡಿಸಿ ಅಳೆಯುತ್ತಿದ್ದರು.

"ಯಪ್ಪಾ, ಮನಿ ಒಳಗ ಬಂದ್ ನೋಡ್ರಿ," ಎಂದ ಏಜೆಂಟ.

"ಮನಿ ಕಾಣ್ತೈತಿ. ಜಾಗಾ ಕಾಣವಲ್ದು," ಎಂದರು ಮಾವನವರು.

ವಾಪಸು ಬರುವಾಗ ಅವರು ನನಗೆ ತಿಳಿಸಿ ಹೇಳಿದರು. "ನೋಡವಾ, ಕಟ್ಟಡ ಅಂದ್ರ ಟ್ರ್ಯಾಕ್ಟರ್ ಇದ್ದಂಗ. ಶೋರೂಮಿನಿಂದ ಹೊರಗ ಬಿತ್ತಂದ್ರ ರೇಟ್ ಇಳೀತು. ವರ್ಷಾ ವರ್ಷಾ ಏರೂದು ನೆಲದ ರೇಟು. ನೀವು ಲೈಟಿಗೆ ರೊಕ್ಕಾ ಕೊಡಾಕತ್ತೀರಿ."

"ಬರೀ ನೆಲದ ಮ್ಯಾಲ ಮಲಗಾಕ ಬರ್ತೈತೇನ್ರಿ ಮಾವಾರ?"

"ಮಲಗಾಕ ಬಾಡಿಗಿ ಮನಿ ಐತಲ್ಲ."

ಅವರ ಲೆಕ್ಕದಲ್ಲಿ ತಪ್ಪಿರಲಿಲ್ಲ. ಗಣಿತ ಕಲಿಸುವವಳಾಗಿ ನಾನು ಅದನ್ನು ಒಪ್ಪಲೇಬೇಕಾಯಿತು.

ಎರಡನೆಯದು ವಿಜಯಪುರ ಊರೊಳಗಿನ ಹಳೆಯ ಮನೆ. ಸುತ್ತಲೂ ಧಾರಾಳ ಜಾಗವಿತ್ತು. ಮಾಲೀಕರು ನಿವೃತ್ತ ಗುಮಾಸ್ತರು. ಹೆಂಡತಿಗೆ ತವರಿನಿಂದ ಬಂದ ಎರಡು ಎಕರೆ ಸಾರವಾಡದಲ್ಲಿತ್ತು. ಇಬ್ಬರೂ ಅಲ್ಲಿ ಹೋಗಿ ಒಕ್ಕಲುತನ ಮಾಡುವವರಿದ್ದರು. ಗುಮಾಸ್ತರು ನಮಗೆ ಮನೆಯನ್ನು ಒಂದೊಂದಾಗಿ ತೋರಿಸಿದರು. ಗೋಡೆ ಎದ್ದದ್ದು ಯಾವ ವರ್ಷ, ಛಾವಣಿ ಹೊದಿಸಿದ್ದು ಯಾವ ವರ್ಷ, ಸಾಗವಾನಿ ಬಾಗಿಲಿಗೆ ಕಟ್ಟಿಗೆ ಕೂಡಿಸಲು ಎಷ್ಟು ದೀಪಾವಳಿ ಬೋನಸ್ಸು ಹೋದವು, ನೆಲದ ಫರಸಿ ಕಲ್ಲನ್ನು ತಾವೇ ಆರಿಸಿ ತಂದದ್ದು ಹೇಗೆ. ನಾನು ಚಪ್ಪಲಿ ಬಿಟ್ಟು ಆ ಕಲ್ಲಿನ ಮೇಲೆ ನಿಂತೆ. ಹೊರಗೆ ಸುಡು ಬಿಸಿಲು, ಒಳಗೆ ಅಂಗಾಲು ತಂಪಾಯಿತು. ಇಲ್ಲಿ ಹತ್ತು ವರ್ಷ ಸುಮ್ಮನೆ ಇದ್ದುಬಿಡಬಹುದು ಎನಿಸಿತು.

ಮಾವನವರು ಚಹಾ ಕುಡಿದು ಬಟ್ಟಲು ಕೆಳಗಿಟ್ಟರು. "ಜಾಗಾಕ್ಕ ನೀವು ಹೇಳಿದ ರೇಟು ಬರೋಬ್ಬರಿ ಐತ್ರಿ. ಮನಿಗೆ ಏನೂ ಹಿಡಿಯಾಕ ಬರಂಗಿಲ್ಲ. ಕೆಡವಾಕ ನಮಗ ಮ್ಯಾಲ ಖರ್ಚು."

ಗುಮಾಸ್ತರು ಬಗ್ಗಿ ಬಟ್ಟಲಿನ ಕೆಳಗಿನ ಫರಸಿಯನ್ನು ಒರೆಸಿದರು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅವರ ಹೆಂಡತಿ ಕೇಳಿದರು: "ಮನಿಗೆ ಏನೂ ಬೆಲಿ ಇಲ್ಲೇನ್ರಿ?"

"ಇಲ್ಲವಾ. ಸೊನ್ನಿ."

"ಹಂಗಾರ ಅದನ್ನ ನಾವ ಒಯ್ತೇವ್ರಿ."

ಮಾವನವರು ನಕ್ಕರು. "ಒಯ್ಯಿರಿ. ನಮಗ ಕೆಡವೂ ಖರ್ಚು ಉಳೀತು."

"ಅದನ್ನ ಕಾಗದದಾಗ ಬರೀರಿ."

ಮಾವನವರು ತಾವೇ ಹೇಳಿ ಬರೆಸಿದರು. ನಾನು ಬಾಯಿ ತೆರೆಯಬಹುದಿತ್ತು. ಆದರೆ ಮನೆ ಸೊನ್ನೆಯಾದಷ್ಟೂ ನಮಗೆ ಲಾಭ ಎಂಬ ಆಸೆ ನನಗೂ ಇತ್ತು, ಸುಮ್ಮನಿದ್ದೆ. ದಾರಿಯಲ್ಲಿ ನನ್ನ ಯಜಮಾನರು ಮೆಲ್ಲಗೆ, "ನಾಕ ವರ್ಷ ಅದರಾಗ ಇದ್ದು ಆಮ್ಯಾಲ ಕಟ್ಟಬಹುದಿತ್ತಲ್ಲ," ಎಂದರು. ಅಷ್ಟರಲ್ಲಿ ಸಹಿಯಾಗಿತ್ತು.

ಮನೆ ಬಿಚ್ಚುವುದನ್ನು ನಾನು ದಿನಾ ತಿಕೋಟಾ ಬಸ್ಸಿನಿಂದಿಳಿದು ನೋಡಲು ಹೋಗುತ್ತಿದ್ದೆ. ಗುಮಾಸ್ತರು ಪ್ರತಿ ಬಾಗಿಲಿಗೂ ಸೀಮೆಸುಣ್ಣದಿಂದ ಸಂಖ್ಯೆ ಬರೆದರು. ಅವರ ಹೆಂಡತಿ ನೆರಳಲ್ಲಿ ಕುಳಿತು ಫರಸಿಗೆ ಅಂಟಿದ ಗಚ್ಚನ್ನು ಕೆರೆದು ತೆಗೆಯುತ್ತಿದ್ದರು. ಕಿಟಕಿಯ ಸರಳು, ತೊಲೆ, ಬಚ್ಚಲುಗಲ್ಲು, ಎಲ್ಲವೂ ಟ್ರ್ಯಾಕ್ಟರ್ ಹತ್ತಿ ಸಾರವಾಡಕ್ಕೆ ಹೋದವು. ಡೊಂಕಾದ ಮೊಳೆಗಳನ್ನೂ ನೆಟ್ಟಗೆ ಮಾಡಿ ಡಬ್ಬಿಗೆ ಹಾಕಿಕೊಂಡರು. ಒಪ್ಪಿದ ತಿಂಗಳು ಮುಗಿಯುವುದರೊಳಗೆ ಕಸ ಗುಡಿಸಿ, ಜಾಗ ನಮಗೆ ಒಪ್ಪಿಸಿದರು. ಉಳಿದದ್ದು ಒಂದು ಶೌಚದ ಗುಂಡಿ, ಅದರ ಮೇಲೆ ನಲವತ್ತು-ಅರವತ್ತರ ಆಕಾಶ.

ಇದ್ದ ಹಣವೆಲ್ಲ ನೆಲಕ್ಕೆ ಹೋಗಿತ್ತು, ಕಟ್ಟಲು ಏನೂ ಉಳಿದಿರಲಿಲ್ಲ. ನಾಲ್ಕು ವರ್ಷ ಬುನಾದಿಯೂ ಹಾಕಲಾಗದೆ ಮತ್ತೆ ಬಾಡಿಗೆ ಮನೆಯಲ್ಲೇ ಇದ್ದೆವು. ನಾವು ಶ್ರೀಮಂತರಾಗುತ್ತಿರುವ ಸುದ್ದಿಯನ್ನು ಮಾವನವರು ಬಬಲೇಶ್ವರದಿಂದ ಫೋನಿನಲ್ಲಿ ತಿಳಿಸುತ್ತಿದ್ದರು. ಆ ಭಾಗದಲ್ಲಿ ಜಾಗದ ಬೆಲೆ ಏರಿದೆಯೆಂದು ಹೇಳಿಯೇ ನಮ್ಮ ಮನೆಮಾಲೀಕರೂ ಬಾಡಿಗೆ ಏರಿಸಿದರು. ಜಾಗ ಮಾತ್ರ ಎಲ್ಲರಿಗೂ ಉಪಯೋಗಕ್ಕೆ ಬಂತು. ಪಕ್ಕದವರು ಮೆಣಸಿನಕಾಯಿ ಒಣಗಿಸಿದರು. ಎದುರಿನವರು ಮಗಳ ಮದುವೆಯ ಅಡುಗೆಗೆ ಅಲ್ಲೇ ಒಲೆ ಹೂಡಿದರು. ನಮ್ಮನ್ನೂ ಊಟಕ್ಕೆ ಕರೆದು, ನಮ್ಮದೇ ನೆಲದಲ್ಲಿ ಪಂಕ್ತಿಗೆ ಕೂರಿಸಿ ಹೋಳಿಗೆ ಬಡಿಸಿದರು.

ಮನೆ ಬಿಚ್ಚಿದ ಮರುವರ್ಷವೇ ಸಾರವಾಡದಿಂದ ಗೃಹಪ್ರವೇಶದ ಕರೆ ಬಂತು. ಮಾವನವರೂ ಜೊತೆಗೆ ಬಂದರು. ಹೊಲದ ಅಂಚಿಗೆ ಮೂರು ಕೋಣೆ. ಅದೇ ಬಾಗಿಲು, ಅದೇ ಫರಸಿ. ಗುಮಾಸ್ತರು ಮಾವನವರ ಕೈ ಹಿಡಿದು ಒಳಗೆಲ್ಲ ಸುತ್ತಾಡಿಸಿದರು. ಅಲ್ಲಿ ಮಾರಾಟಕ್ಕೆ ಜಾಗ ಇರಲಿಲ್ಲವಾದ್ದರಿಂದ ಮಾವನವರು ಮನೆಯನ್ನು ನೋಡಲೇಬೇಕಾಯಿತು. ಬಾಗಿಲು ಬಡಿದು ನೋಡಿ, "ಗಟ್ಟಿ ಐತ್ರಿ," ಎಂದರು.

"ಸೊನ್ನಿ ಐತಲ್ರಿ, ಅದಕ್ಕ ಒಡೆಯಂಗಿಲ್ಲ," ಎಂದು ಗುಮಾಸ್ತರ ಹೆಂಡತಿ ಅವರ ಕೈಗೆ ಪಾಯಸದ ಬಟ್ಟಲು ಕೊಟ್ಟರು.

ಮಾವನವರನ್ನು ಬಬಲೇಶ್ವರಕ್ಕೆ ಬಿಡಲು ಹೊರಟೆವು. ಇಳಿಯುವಾಗ ಹೇಳಿದರು: "ಮನಿ ಛಲೋ ಐತಿ. ಆದ್ರ ಜಾಗಾ ಹೊಲದಾಗ ಐತಿ, ರೇಟ್ ಬರಂಗಿಲ್ಲ."

ಹೋದ ವರ್ಷ ನಾವೂ ಬುನಾದಿ ಹಾಕಿದೆವು. ಗೋಡೆ ಈಗ ನನ್ನ ಎದೆಮಟ್ಟಕ್ಕೆ ಬಂದಿದೆ. ಸಂಜೆ ಶಾಲೆಯಿಂದ ಬಂದು ಗೋಡೆಗೆ ನೀರು ಹೊಡೆಯುವುದು ನನ್ನ ಕೆಲಸ. ಮೊನ್ನೆ ಗೋಡೆ ಕಟ್ಟುವ ಗೌಂಡಿ ಕೇಳಿದ: "ಬಾಯಾರ, ಅಡಗಿಮನಿ ಕಿಡಕಿ ಯಾವ ಕಡೆ ಬಿಡೂಣು?"

ಇಷ್ಟು ವರ್ಷಗಳಲ್ಲಿ ಅಂಥ ಪ್ರಶ್ನೆಯನ್ನು ನನಗೆ ಯಾರೂ ಕೇಳಿರಲಿಲ್ಲ. ಒಂದು ದಿನ ತಡೆಯಲು ಹೇಳಿ, ಮರುದಿನ ಕುರ್ಚಿ ಒಯ್ದು ಛಾವಣಿಯಿಲ್ಲದ ಅಡುಗೆಮನೆಯಲ್ಲಿ ಹೊತ್ತು ಮುಳುಗುವವರೆಗೆ ಕುಳಿತೆ. ಓಣಿಯ ಕಡೆಯಿಂದ ಗಾಳಿ ಚೆನ್ನಾಗಿ ಬರುತ್ತಿತ್ತು. ಅಲ್ಲೇ ಬಿಡಿ ಎಂದೆ.