ಸೋತದ್ದು ಸೊನ್ನೆ

ಕನ್ನಡಕದಂಗಡಿಯ ಯಜಮಾನರು ಅಕ್ಷರದ ಬೋರ್ಡಿನ ಕೊನೆಯ ಸಾಲು ಓದಿಸದೆ ಯಾವ ಗಿರಾಕಿಯನ್ನೂ ಮೆಟ್ಟಿಲಿಳಿಯಲು ಬಿಟ್ಟವರಲ್ಲ. ಅವರಿಗೆ ಇನ್ನೊಂದು ಹುಚ್ಚೂ ಇತ್ತು. ಎಂಟು ವರ್ಷಗಳಿಂದ, ದಾಖಲೆಗಳನ್ನು ಕೂಡಿಡುವ ಒಂದು ಓಪನ್ ಸೋರ್ಸ್ ಡೇಟಾಬೇಸ್‌ನ ವಿಂಡೋಸ್ ಆವೃತ್ತಿಯನ್ನು ಜಗತ್ತಿಗೆಲ್ಲ ಪುಕ್ಕಟೆ ಕಟ್ಟಿಕೊಡುತ್ತಿದ್ದರು. ವಿಂಡೋಸನ್ನು ಮಾತ್ರ ಹೊಸ್ತಿಲೊಳಗೆ ಬಿಟ್ಟಿರಲಿಲ್ಲ. ಲೆನ್ಸ್ ಉಜ್ಜುವ ಯಂತ್ರದ ಪಕ್ಕದ ಹಳೆಯ ಲಿನಕ್ಸ್ ಕಂಪ್ಯೂಟರಿನಲ್ಲೇ ಕ್ರಾಸ್ ಕಂಪೈಲ್ ಮಾಡುವುದು. ಅಂದರೆ ಕಟ್ಟುವುದು ಇಲ್ಲಿ, ಓಡುವುದು ಬೇರೆಯವರ ವಿಂಡೋಸ್‌ನಲ್ಲಿ. ಕಟ್ಟಿದ್ದು ಸರಿಯಿದೆಯೇ ಎಂದು ಕಂಪ್ಯೂಟರೇ ಪರೀಕ್ಷಿಸಬೇಕು; ಕೊನೆಗೆ ಪರದೆಯ ಮೇಲೆ ‘ಸೋತ ಪರೀಕ್ಷೆಗಳು: ೦’ ಎಂದು ಮೂಡಿದರೆ ಆ ದಿನ ಗಿರಾಕಿಗಳಿಗೆ ಗಾಜು ಒರೆಸುವ ಬಟ್ಟೆ ಉಚಿತ.

ದೂರು ಬರುತ್ತಿರಲಿಲ್ಲವೆಂದಲ್ಲ. ಬಂದವಕ್ಕೆಲ್ಲ ಒಂದೇ ಉತ್ತರ: “ನಿಮ್ಮ ವಿಂಡೋಸ್ ಕೆಟ್ಟಿದೆ, ಡಾಕ್ಟರಿಗೆ ತೋರಿಸಿ.” ತಾವು ಹಿಡಿದ ಮೊಲಕ್ಕೆ ಮೂರೇ ಕಾಲು.

ಈಗ ಆ ಮೊಲಕ್ಕೇ ಸಂಚಕಾರ ಬಂದಿತ್ತು. ಹೆಂಡತಿಯ ತಂಗಿ, ದನ ನಾಯಿಗಳ ಡಾಕ್ಟರು, ತನ್ನ ಆಸ್ಪತ್ರೆಯ ವಿಂಡೋಸ್ ಕಂಪ್ಯೂಟರಿನಲ್ಲೇ ಅದೇ ಡೇಟಾಬೇಸ್ ಕಟ್ಟಿ, ಅದನ್ನು ನೋಡಿಕೊಳ್ಳುವ ಗುಂಪಿನ ಮುಂದಿಟ್ಟಿದ್ದಳು. ಇಬ್ಬರಲ್ಲಿ ಯಾರದು ಉಳಿಯಬೇಕೆಂದು ಗುಂಪಿನವರು ಸೋಮವಾರ ಮತ ಹಾಕುವವರಿದ್ದರು. ಯಜಮಾನರಿಗೆ ಒಳಗೊಳಗೇ ಪುಕಪುಕ. ಎಂಟು ವರ್ಷದ ಹೆಸರು ನಾದಿನಿಯ ಕೈಯಲ್ಲೇ ಮಣ್ಣುಪಾಲಾಗುವುದೇ!

ಭಾನುವಾರ ಊಟಕ್ಕೆ ಬಂದವಳನ್ನು ಕೈ ತೊಳೆಯಲೂ ಬಿಡದೆ, ಮನೆಗೆ ಅಂಟಿಕೊಂಡ ಅಂಗಡಿಯಲ್ಲಿ ಕಂಪ್ಯೂಟರಿನ ಮುಂದೆ ಕೂರಿಸಿದರು.

“ನೋಡಮ್ಮ, ಸೋತದ್ದು ಸೊನ್ನೆ. ನಿಂದೆಷ್ಟು?”

“ನಾಲ್ಕು, ಭಾವ.”

“ನಾಲ್ಕಾ! ಪಾಪ.” ಯಜಮಾನರು ಬಾಯ್ತುಂಬ ನಕ್ಕರು.

“ಅದರ ಮೇಲಿನ ಸಾಲು ಸ್ವಲ್ಪ ತೋರಿಸ್ತೀರಾ?”

ಕೊನೆಯ ಸಾಲೊಂದನ್ನೇ ನೋಡಿ ಅಭ್ಯಾಸವಾದವರು ಮೇಲಕ್ಕೆ ಸರಿಸಿದರು. ‘ಒಟ್ಟು ಪರೀಕ್ಷೆಗಳು: ೬೧೨. ನಡೆಸದೆ ಬಿಟ್ಟವು: ೬೧೨.’ ವಿಂಡೋಸ್‌ಗೆಂದು ಕಟ್ಟಿದ್ದು ಲಿನಕ್ಸ್‌ನಲ್ಲಿ ಓಡುವುದಿಲ್ಲ. ಓಡದ್ದನ್ನು ಪರೀಕ್ಷಿಸುವ ಗೋಜಿಗೆ ಕಂಪ್ಯೂಟರು ಎಂಟು ವರ್ಷವೂ ಹೋಗಿರಲಿಲ್ಲ. ಅಖಾಡಕ್ಕೇ ಇಳಿಯದ ಜಟ್ಟಿಯ ಮೀಸೆ ಮಣ್ಣಾಗುವುದಾದರೂ ಹೇಗೆ?

“ಬೋರ್ಡ್ ಓದಿಸ್ದೇನೇ ಊರಿಗೆಲ್ಲ ಕನ್ನಡಕ ಹಂಚಿಬಿಟ್ರಾ?” ಬಾಗಿಲಲ್ಲಿ ಸೌಟು ಹಿಡಿದು ನಿಂತಿದ್ದ ಹೆಂಡತಿ ಕೇಳಿದರು.

ಯಜಮಾನರು ತಾವು ಕಟ್ಟಿದ್ದನ್ನು ಪೆನ್ ಡ್ರೈವಿಗೆ ತುಂಬಿಕೊಂಡರು. ಸಂಜೆಗೇ ನಾದಿನಿಯ ಆಸ್ಪತ್ರೆಗೆ ಹೋಗಿ, ತಮ್ಮ ಆವೃತ್ತಿಯನ್ನು ಅಲ್ಲಿನ ವಿಂಡೋಸ್‌ನಲ್ಲಿ ಮೊದಲ ಸಲ ಓಡಿಸಿ ನೋಡಿದರು. ಅರವತ್ತೊಂದು ಸೋತವು. ಅಲ್ಲೇ ಕೂತು ಗುಂಪಿಗೆ ಬರೆದರು: “ಮತ ಬೇಡ. ಅವಳದ್ದೇ ಇರಲಿ.” ಬರೆಯುವಾಗ ತುಂಬ ಸಂಕಟವಾಯಿತು. ಆದರೆ ಹಟಮಾರಿಯಾದರೂ ಅಚ್ಚುಕಟ್ಟಿನ ಮನುಷ್ಯ; ಹಳೆಯ ದೂರುಗಳನ್ನೆಲ್ಲ ತೆರೆದು ಒಬ್ಬೊಬ್ಬರಿಗೂ ಉತ್ತರಿಸತೊಡಗಿದರು: “ನಿಮ್ಮ ವಿಂಡೋಸ್ ಚೆನ್ನಾಗಿಯೇ ಇತ್ತು. ಕೆಟ್ಟಿದ್ದು ನನ್ನದು.”

ತೀರ ಮೊದಲನೆಯ ದೂರು ಆರು ವರ್ಷ ಹಳೆಯದು. ‘ನನ್ನ ಮುನ್ನೂರು ರೋಗಿಗಳ ಹೆಸರು ಮಾಯವಾಗಿವೆ, ಏನು ಮಾಡಲಿ?’ ಕೆಳಗೆ ಬರೆದವರ ಗುಪ್ತನಾಮ: ನಾಲ್ಕು ಕಾಲಿನ ಮೊಲ.

ಯಜಮಾನರು ಮೆಲ್ಲಗೆ ತಲೆಯೆತ್ತಿದರು. ನಾದಿನಿ ಕರುವೊಂದರ ಕಿವಿಗೆ ಮುಲಾಮು ಹಚ್ಚುತ್ತಿದ್ದಳು.

“ಡಾಕ್ಟರಿಗೆ ತೋರಿಸಿ ಅಂದಿದ್ರಲ್ಲ ಭಾವ,” ಅಂದಳು. “ಬೇರೆ ಯಾರೂ ಸಿಗ್ಲಿಲ್ಲ. ನಾನೇ ನೋಡ್ದೆ.”