ಅವ್ವನ ಫೋನು, ಅಜ್ಜಿಯ ಕೆಮ್ಮು

ಮೊದಲೇ ಹೇಳಿಬಿಡುತ್ತೇನೆ: ಫೋನು ನನ್ನದಲ್ಲ, ಅವ್ವನದು. ಅದನ್ನು ರೂಟ್ ಮಾಡು, ಅಂದರೆ ಕಂಪನಿಯವರು ಹಾಕಿದ ಬೀಗ ಮುರಿ, ಎಂದು ಯಾರೂ ನನ್ನನ್ನು ಕೇಳಿರಲಿಲ್ಲ. 'ಬೀಗ ತೆಗೆದರೆ ಒಳಗಿರುವುದೆಲ್ಲ ಅಳಿಸಿಹೋಗುತ್ತದೆ' ಎಂಬ ಎಚ್ಚರಿಕೆ ಪರದೆಯ ಮೇಲೆ ಬಂದಿತ್ತು. ಅದು ಇಂಗ್ಲಿಷಿನಲ್ಲಿತ್ತು, ನನಗೆ ಇಂಗ್ಲಿಷ್ ಬರುತ್ತದೆ. ಆ ನೆಪವೂ ಇಲ್ಲ. ಅದನ್ನು ನಾನು ನಮ್ಮ ಪುಣೆಯ ಶಿವಾಜಿನಗರ ಸ್ಟೇಷನ್ನಿನಲ್ಲಿ ರೈಲು ಸಾರುವ ಹೆಂಗಸಿನ ಮೂಗುದನಿಯಲ್ಲಿ, ಮರಾಠಿಗೆ ತಿರುಗಿಸಿ ಓದಿದೆ. ಕುಬಸಕ್ಕೆಂದು, ಅಂದರೆ ಸೀಮಂತಕ್ಕೆಂದು, ತವರಿಗೆ ಬಂದಿದ್ದ ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು. ತುಂಬು ಬಸುರಿ, ಹಿಡಿದುಕೊಳ್ಳಲು ಹೊಟ್ಟೆಯೂ ಧಾರಾಳವಾಗಿತ್ತು. ಆ ನಗುವಿನ ಹುರುಪಿನಲ್ಲಿ ನಾನು 'ಹೌದು' ಒತ್ತಿದೆ.

ಉದ್ದೇಶ ಒಳ್ಳೆಯದೇ. ಕಂಪನಿಯವರು ತುಂಬಿ ಕಳಿಸಿದ ಆಪ್‌ಗಳು ತೆಗೆದರೂ ಹೋಗುತ್ತಿರಲಿಲ್ಲ. ಅವ್ವ ಏನು ಒತ್ತಿದರೂ ಮೊದಲು ಜಾಹೀರಾತು. "ರೂಟ್ ಮಾಡಿದ್ರ ಫೋನ್ ಪೂರಾ ನಮ್ಮ ಕೈಯಾಗ ಬರ್ತದವ್ವ. ನಾವು ಹೇಳ್ದಂಗ ಕೇಳ್ತದ" ಎಂದಿದ್ದೆ. ಲ್ಯಾಪ್‌ಟಾಪಿಗೆ ಸಿಕ್ಕಿಸಿ ಊಟದ ಹೊತ್ತಿಗೆ ಮುಗಿಸಿಯೂಬಿಟ್ಟೆ. ಬೇಡದ ಆಪ್ ಒಂದೂ ಇಲ್ಲ, ಅಕ್ಷರ ದೊಡ್ಡವು, ಬೆರಳು ಸೋಕಿದರೆ ಓಡುತ್ತಿತ್ತು. ಈಗಲೂ ಹೇಳುತ್ತೇನೆ, ಕೆಲಸ ಚೊಕ್ಕವಾಗಿತ್ತು.

ಅವ್ವ ಕನ್ನಡಕ ಏರಿಸಿ ಹುಡುಕಿದಳು. "ಅಜ್ಜಿ ಹಾಡು ಎಲ್ಲ್ಯಾವೋ?"

ಕಳೆದ ಸಲ ಊರಿಗೆ ಹೋದಾಗ ಅವ್ವ ಅಜ್ಜಿಯನ್ನು ಕೂರಿಸಿ ಕುಬಸದ ಹಾಡುಗಳನ್ನು ಆ ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡಿದ್ದಳು. ಮಂಡಿನೋವಿನ ಅಜ್ಜಿ ಪುಣೆಗೆ ಬರುವಂತಿರಲಿಲ್ಲ. ನಮ್ಮ ಕಡೆಯ ಹಾಡಿಲ್ಲದೆ ಮಗಳಿಗೆ ಹಸಿರು ಸೀರೆ ಉಡಿಸುವುದಿಲ್ಲವೆಂದು ಅವ್ವ ಅಕ್ಕನ ಮರಾಠಿ ಅತ್ತೆಯ ಮುಂದೆ ಜಂಬ ಕೊಚ್ಚಿದ್ದಳು. ಕುಬಸ ಬರುವ ಭಾನುವಾರವೇ ಇತ್ತು. ಹಾಡುಗಳು ಬೇರೆಲ್ಲೂ ಇರಲಿಲ್ಲ.

ನಾನು ಹೆದರಲಿಲ್ಲ. ಓಣಿಯ ಹಾಲಿನವನಿಂದ ಹಿಡಿದು ಅಪ್ಪನ ಗೊರಕೆಯವರೆಗೆ ಎಲ್ಲರೂ ನನ್ನ ಗಂಟಲಲ್ಲಿದ್ದಾರೆ. "ಅಜ್ಜಿ ದನಿ ನಾ ತೆಗೀತೀನಿ ತಡಿ" ಎಂದು ಟವೆಲನ್ನು ಸೆರಗಿನಂತೆ ಹೊದ್ದು ಶುರುಮಾಡಿದೆ. ರಾಗ ಬಂತು. ಎಲೆಯಡಿಕೆ ಒಂದು ದವಡೆಯಿಂದ ಇನ್ನೊಂದಕ್ಕೆ ಹೋಗುವಾಗಿನ ತಡೆ ಬಂತು. ಕೆಮ್ಮು ಬಂತು, ನಡುವೆ ಬೆಕ್ಕನ್ನು ಓಡಿಸುವುದೂ ಬಂತು. ಪದ ಮಾತ್ರ ಬರಲಿಲ್ಲ. ಅವ್ವ ಅಡುಗೆ ಮಾಡುತ್ತ ದಿನಾ ಹಚ್ಚುತ್ತಿದ್ದ ಹಾಡು. ನಾನು ದನಿ ಕದ್ದಿದ್ದೆನೇ ಹೊರತು ಹಾಡು ಕೇಳಿರಲಿಲ್ಲ. ಬಸುರಿಗೆ ತಿಂಗಳಿಗೊಂದು ಬಯಕೆ ಎಂಬುದಷ್ಟೇ ಗೊತ್ತು. ಮೂರನೇ ತಿಂಗಳಿಗೆ ಹೇಗೋ ಹುಣಸೆಕಾಯಿ ಸಿಕ್ಕಿತು. ಐದಕ್ಕೆ ವಡಾಪಾವ್ ತಿನ್ನಿಸಿದೆ.

ಈ ಸಲ ಅಕ್ಕನೂ ನಗಲಿಲ್ಲ. ಅವ್ವ ಫೋನನ್ನು ನನ್ನ ಮುಂದಿಟ್ಟಳು. "ಹೇಳ್ದಂಗ ಕೇಳ್ತದ ಅಂದ್ಯಲ್ಲ? ಹೇಳು ಅದಕ್ಕ, ಹಾಡು ಅಂತ."

ಊರಿಗೆ ನಾನೇ ಫೋನು ಹಚ್ಚಿ, ಇನ್ನೊಮ್ಮೆ ಹಾಡು, ರೆಕಾರ್ಡ್ ಮಾಡಿಕೊಳ್ಳುತ್ತೇನೆ ಎಂದು ಅಜ್ಜಿಗೆ ಗೋಗರೆದೆ. "ಪೆಟಗ್ಯಾಗ ಇಡೂ ಆಟ ಸಾಕು. ಬಾಯಾಗ ಇಟ್ಗೋ" ಎಂದು ಒಂದೊಂದೇ ಸಾಲು ಹೇಳಿಕೊಟ್ಟಳು. ಒಂದು ಬಯಕೆ ತಪ್ಪಿದರೆ ಮತ್ತೆ ಮೊದಲ ತಿಂಗಳಿಂದ. ನಾನು ಬಸ್ಸಿನಲ್ಲಿಯೂ ಬಸುರಿಯ ಬಯಕೆ ಗುನುಗುತ್ತ ಓಡಾಡಿದೆ. ಪಕ್ಕದವರು ಸೀಟು ಬದಲಿಸಿದರು.

ಭಾನುವಾರ ಅಷ್ಟು ಹೆಂಗಸರ ನಡುವೆ ನಾನೊಬ್ಬನೇ ಮೀಸೆಯವನು. ಅವ್ವನ ಪಕ್ಕ ಕೂತು ಅಜ್ಜಿಯ ದನಿಯಲ್ಲೇ, ಕೆಮ್ಮು ಸಮೇತ, ಒಂದು ಪದ ಬಿಡದೆ ಹಾಡಿದೆ. ಅಕ್ಕನ ಅತ್ತೆ "ಕಿತೀ ಛಾನ್!", ಎಷ್ಟು ಚೆಂದ, ಎನ್ನುತ್ತ ಕಣ್ಣೊರೆಸಿಕೊಂಡರು. ನಕ್ಕು ಬಂದ ನೀರೋ, ಮೆಚ್ಚಿ ಬಂದದ್ದೋ ನಾನು ವಿಚಾರಿಸಲಿಲ್ಲ. ಅವ್ವ ನನ್ನ ಬೆನ್ನ ಮೇಲೆ ಒಂದು ಗುದ್ದು ಕೊಟ್ಟಳು, ಮೆತ್ತಗೆ.

ಅದೇ ಫೋನಿನ ವಿಡಿಯೊ ಕಾಲಿನಲ್ಲಿ ಅಜ್ಜಿ ಎಲ್ಲ ನೋಡುತ್ತಿದ್ದಳು. ನಾನು ಎದೆಯುಬ್ಬಿಸಿ ಕೇಳಿದೆ: "ಹೆಂಗಿತ್ತಜ್ಜಿ? ಥೇಟ್ ನೀನ ಹೌದಲ್ಲ?"

ಅಜ್ಜಿ ಎಲೆಯಡಿಕೆಯ ದವಡೆ ಬದಲಿಸಿದಳು.

"ದನಿ ನಂದದ, ಕೆಮ್ಮೂ ನಂದದ. ತಲಿ ಒಂದು ನಿಂದ ಉಳದದ ನೋಡು, ಅದನ್ನೂ ಅಳಸಿ ಹೊಸಾದು ಹಾಕ್ಕೊ."